ಹಿಂದಿರುಗುವ ದುಡ್ಡು

ನಮ್ಮ ಮನೆಗಳಲ್ಲಿ ಮಂಗಳಗ್ರಹದ ಹೆಸರು ಕೇಳಿಬರುತ್ತಿದ್ದುದು ಮದುವೆಯ ಮಾತುಕತೆಯ ಕಾಲದಲ್ಲಿ. ಜಾತಕದಲ್ಲಿ ಕುಜ ಎಲ್ಲಿ ಕುಳಿತಿದ್ದಾನೆಂದು ನೋಡಿ ಹಿರಿಯರು ಮುಖ ಗಂಟಿಕ್ಕಿಕೊಳ್ಳುತ್ತಿದ್ದರು, ಇಲ್ಲವೆ ನೆಮ್ಮದಿಯಿಂದ ಎಲೆಯಡಕೆಯ ತಟ್ಟೆಗೆ ಕೈ ಹಾಕುತ್ತಿದ್ದರು. ಅದಕ್ಕಿಂತ ಹೆಚ್ಚಿನ ವ್ಯವಹಾರ ನಮಗೂ ಆ ಗ್ರಹಕ್ಕೂ ಇರಲಿಲ್ಲ. ಆದುದರಿಂದ ಎಂಜಿನಿಯರಿಂಗ್ ಓದುತ್ತಿರುವ ನನ್ನ ಮೊಮ್ಮಗಳು ಒಂದು ಸಂಜೆ ಕಾಫಿಯ ಲೋಟವನ್ನು ಕೆಳಗಿಡುತ್ತ, "ಅಜ್ಜ, ಅವಕಾಶ ಸಿಕ್ಕಿದರೆ ನಾನು ಮಂಗಳಕ್ಕೆ ಹೋಗಿ ಅಲ್ಲೇ ಇದ್ದುಬಿಡುತ್ತೇನೆ. ನೀವು ಬೇಡ ಅನ್ನುತ್ತೀರಾ?" ಎಂದಾಗ ನನಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ಬೇಡವೆಂದರೆ ನಾನು ಹಳೆಯ ಕಾಲದ ಅಂಜುಬುರುಕ. ಆಗಲಿ ಎಂದರೆ ಮೊಮ್ಮಗಳ ಮೇಲೆ ಮಮತೆಯಿಲ್ಲದವನು. ನನ್ನ ಪೇಚು ಅವಳಿಗೆ ತಿಳಿದಿರಬೇಕು. ಒಂದು ಪುಸ್ತಕವನ್ನು ತಂದು ನನ್ನ ತೊಡೆಯ ಮೇಲಿಟ್ಟು, "ಇದನ್ನು ಓದಿ, ಆಮೇಲೆ ಹೇಳಿ" ಎಂದು ಎದ್ದುಹೋದಳು.

ಪುಸ್ತಕದ ಹೆಸರು 'ದಿ ಕೇಸ್ ಫಾರ್ ಮಾರ್ಸ್'. ಮಂಗಳದ ಪರವಾದ ವಕಾಲತ್ತು ಎಂದು ಹೇಳಬಹುದು. ರಾಬರ್ಟ್ ಝುಬ್ರಿನ್ ಎಂಬ ಅಮೆರಿಕದ ಎಂಜಿನಿಯರ್, ರಿಚರ್ಡ್ ವ್ಯಾಗ್ನರ್ ಅವರೊಡನೆ ಸೇರಿ 1996ರಲ್ಲಿ ಪ್ರಕಟಿಸಿದ್ದು. ಹುಚ್ಚು ಕನಸಿನ ಪುಸ್ತಕವೆಂದುಕೊಂಡೇ ಕನ್ನಡಕ ಏರಿಸಿದೆ. ಆದರೆ ನಡುವೆ ಒಂದು ಕಡೆ ಬಂದಾಗ ಪುಸ್ತಕವನ್ನು ಮಡಿಸಿ ಬಹಳ ಹೊತ್ತು ಸುಮ್ಮನೆ ಕುಳಿತೆ. ಅದೇಕೆಂಬುದನ್ನು ಹೇಳುವುದಕ್ಕೆ ಮುಂಚೆ ಆ ಮನುಷ್ಯನ ವಿಷಯವಾಗಿ ನಾಲ್ಕು ಮಾತು ಹೇಳಬೇಕು.

ಝುಬ್ರಿನ್ ಹುಟ್ಟಿದ್ದು 1952ರಲ್ಲಿ, ನ್ಯೂಯಾರ್ಕ್ ನಗರದ ಬ್ರೂಕ್ಲಿನ್‌ನಲ್ಲಿ. 1957ರಲ್ಲಿ ಸೋವಿಯತ್ ರಷ್ಯ ಸ್ಪುಟ್ನಿಕ್ಕನ್ನು ಹಾರಿಬಿಟ್ಟಾಗ ಅವರಿಗೆ ಐದು ವರ್ಷ. ಸುತ್ತಲಿನ ದೊಡ್ಡವರಿಗೆ ಅದು ದಿಗಿಲಿನ ಸುದ್ದಿ, ಹುಡುಗನಿಗೆ ಮಾತ್ರ ಹಿಗ್ಗು. ಕಥೆಗಳಲ್ಲಿ ಓದಿದ್ದು ನಿಜವಾಗುತ್ತಿದೆ ಎಂಬ ಹಿಗ್ಗು. ಹದಿನೇಳರ ಹರೆಯದಲ್ಲಿ ಮನುಷ್ಯ ಚಂದ್ರನ ಮೇಲೆ ಕಾಲಿಟ್ಟುದನ್ನೂ ಅವರು ಕಂಡರು. ಅಲ್ಲಿಂದ ಮೂರೇ ವರ್ಷದಲ್ಲಿ, 1972ರಲ್ಲಿ, ಅಮೆರಿಕ ಚಂದ್ರಯಾನಕ್ಕೆ ಮಂಗಳ ಹಾಡಿತು. ಝುಬ್ರಿನ್ ಗಣಿತದ ಪದವಿ ಪಡೆದು ಕೆಲವು ವರ್ಷ ಶಾಲೆಯಲ್ಲಿ ವಿಜ್ಞಾನದ ಮೇಷ್ಟರಾಗಿದ್ದರು. ನಮ್ಮಲ್ಲಿ ಸಾಮಾನ್ಯವಾಗಿ ಜನ ಸಂಸಾರ ಕಟ್ಟಿಕೊಂಡು ನೆಲೆ ನಿಲ್ಲುವ ವಯಸ್ಸಿನಲ್ಲಿ, ಮೂವತ್ತರ ಆಸುಪಾಸಿನಲ್ಲಿ, ಅವರು ಮತ್ತೆ ವಿದ್ಯಾರ್ಥಿಯಾದರು. ಅಣುಶಕ್ತಿ ಮತ್ತು ವೈಮಾನಿಕ ಎಂಜಿನಿಯರಿಂಗ್ ಎರಡನ್ನೂ ಅಭ್ಯಾಸಮಾಡಿ ಕೊಲರಾಡೊ ರಾಜ್ಯದ ಮಾರ್ಟಿನ್ ಮರಿಯೆಟ್ಟ ಕಂಪೆನಿಯಲ್ಲಿ ಕೆಲಸಕ್ಕೆ ಸೇರಿದರು.

1989ರ ಜುಲೈ 20ರಂದು, ಚಂದ್ರನ ಮೇಲೆ ಇಳಿದುದರ ಇಪ್ಪತ್ತನೆಯ ವಾರ್ಷಿಕ ದಿನ, ಅಧ್ಯಕ್ಷ ಹಿರಿಯ ಬುಷ್ ಅವರು ಮತ್ತೆ ಚಂದ್ರನಿಗೂ ಮುಂದೆ ಮಂಗಳಕ್ಕೂ ಹೋಗೋಣವೆಂದು ಸಾರಿದರು. ಮೂರು ತಿಂಗಳಲ್ಲಿ ನಾಸಾ ಸಂಸ್ಥೆ ಒಂದು ಯೋಜನೆ ಸಿದ್ಧಪಡಿಸಿತು. ಅಂತರಿಕ್ಷದಲ್ಲಿ ಕಾರ್ಖಾನೆ, ಚಂದ್ರನ ಮೇಲೆ ನೆಲೆ, ಅಲ್ಲೆಲ್ಲ ಕಟ್ಟಿದ ಭಾರಿ ನೌಕೆಗಳು ಎಂದೆಲ್ಲ ಸೇರಿ ಖರ್ಚು ಸುಮಾರು 45,000 ಕೋಟಿ ಡಾಲರು ಎಂದು ಲೆಕ್ಕವಾಯಿತು. ಆ ಅಂಕಿಯನ್ನು ನೋಡಿದ ಮೇಲೆ ಅಲ್ಲಿನ ಕಾಂಗ್ರೆಸ್ಸು ಮಂಗಳದ ಕಡೆ ಕತ್ತೆತ್ತಿ ನೋಡಲಿಲ್ಲ.

ಝುಬ್ರಿನ್ ಮತ್ತು ಅವರ ಜೊತೆಗಾರ ಡೇವಿಡ್ ಬೇಕರ್ 1990ರಲ್ಲಿ ಮುಂದಿಟ್ಟ ಯೋಜನೆ ಬೇರೆ ಬಗೆಯದು. ಅದರ ಹೆಸರು 'ಮಾರ್ಸ್ ಡೈರೆಕ್ಟ್', ಅಂದರೆ ನೇರವಾಗಿ ಮಂಗಳಕ್ಕೆ. ಕಾಡಿಗೆ ಹೋಗುವವನು ಸೌದೆ ಹೊತ್ತುಕೊಂಡು ಹೋಗುತ್ತಾನೆಯೆ? ಹಾಗಾದರೆ ಹಿಂದಿರುಗುವ ರಾಕೆಟ್ಟಿನ ಇಂಧನವನ್ನು ಇಲ್ಲಿಂದ ಏಕೆ ಹೊರಬೇಕು? ಮಂಗಳದ ಗಾಳಿಯಲ್ಲಿ ನೂರಕ್ಕೆ ತೊಂಬತ್ತೈದು ಪಾಲು ಇಂಗಾಲದ ಡೈಆಕ್ಸೈಡ್ ಇದೆ. ಇಲ್ಲಿಂದ ಆರು ಟನ್ ಜಲಜನಕವನ್ನೂ ಒಂದು ಪುಟ್ಟ ಅಣುಸ್ಥಾವರವನ್ನೂ ಕಳಿಸಿದರೆ ಸಾಕು. 1912ರಲ್ಲಿ ನೊಬೆಲ್ ಬಹುಮಾನ ಪಡೆದ ಫ್ರೆಂಚ್ ರಸಾಯನಶಾಸ್ತ್ರಜ್ಞ ಪಾಲ್ ಸಾಬಾತ್ಯೇ ತೋರಿಸಿಕೊಟ್ಟ ಕ್ರಮದಲ್ಲಿ ಆ ಜಲಜನಕ ಅಲ್ಲಿನ ಗಾಳಿಯೊಡನೆ ಕೂಡಿ ಮೀಥೇನೂ ನೀರೂ ಆಗುತ್ತವೆ. ನೀರನ್ನು ವಿದ್ಯುತ್ತಿನಿಂದ ಒಡೆದರೆ ಆಮ್ಲಜನಕ. ಜಲಜನಕ ಮತ್ತೆ ಮೊದಲ ಕೆಲಸಕ್ಕೆ. ಇನ್ನಷ್ಟು ಆಮ್ಲಜನಕವನ್ನು ಅಲ್ಲಿನ ಗಾಳಿಯಿಂದಲೇ ಬೇರ್ಪಡಿಸಿಕೊಳ್ಳಬಹುದು. ಹೀಗೆ ಆರು ಟನ್ನು ಸುಮಾರು ಹತ್ತು ತಿಂಗಳಲ್ಲಿ 108 ಟನ್ ಇಂಧನವೂ ಆಮ್ಲಜನಕವೂ ಆಗುತ್ತದೆ ಎಂಬುದು ಲೆಕ್ಕ. ಇದು ಬರಿಯ ಕಾಗದದ ಲೆಕ್ಕವಲ್ಲವೆಂದು ತೋರಿಸಲು 1993ರಲ್ಲಿ ಝುಬ್ರಿನ್ ಅಲ್ಪ ಹಣದಲ್ಲಿ ಒಂದು ಚಿಕ್ಕ ಯಂತ್ರವನ್ನು ಕಟ್ಟಿ ನಡೆಸಿದರು. 2021ರ ಏಪ್ರಿಲ್‌ನಲ್ಲಿ ನಾಸಾದ ಪರ್ಸಿವಿಯರೆನ್ಸ್ ಗಾಡಿಯ ಮೇಲಿದ್ದ ಒಂದು ಪೆಟ್ಟಿಗೆ ಮಂಗಳದ ಗಾಳಿಯಿಂದಲೇ ಸುಮಾರು ಐದು ಗ್ರಾಂ ಆಮ್ಲಜನಕ ತೆಗೆಯಿತು. ಅದು 2023ರಲ್ಲಿ ಕೆಲಸ ಮುಗಿಸುವ ಹೊತ್ತಿಗೆ ಒಟ್ಟು 122 ಗ್ರಾಂ ಆಗಿತ್ತು. ಅಲ್ಪವೇ ಸರಿ. ಆದರೆ ಬೇರೊಂದು ಲೋಕದಲ್ಲಿ ಮನುಷ್ಯ ಉಸಿರನ್ನು ಮಾಡಿಕೊಂಡದ್ದು ಅದೇ ಮೊದಲು.

ನಾನು ಪುಸ್ತಕ ಮಡಿಸಿದ್ದು ರಸಾಯನಶಾಸ್ತ್ರವನ್ನು ಕಂಡು ಅಲ್ಲ. ಆ ಯೋಜನೆಯ ಅನುಕ್ರಮವನ್ನು ಕಂಡು. ಮೊದಲು ಹೋಗುವುದು ಮನುಷ್ಯರಲ್ಲ. ಹಿಂದಿರುಗಿ ಬರುವ ನೌಕೆ, ಅದೂ ಬರಿದಾಗಿ. ಅದು ಅಲ್ಲಿ ಇಳಿದು, ತನ್ನ ತೊಟ್ಟಿಯನ್ನು ತಾನೇ ತುಂಬಿಸಿಕೊಂಡು, 'ತುಂಬಿತು' ಎಂಬ ಸಂದೇಶ ಭೂಮಿಗೆ ತಲಪಬೇಕು. ಆಮೇಲೆ, ಭೂಮಿ ಮಂಗಳಗಳ ಸ್ಥಾನ ಮತ್ತೆ ಕೂಡಿಬರುವಾಗ, ಎಂದರೆ ಇಪ್ಪತ್ತಾರು ತಿಂಗಳ ಅನಂತರ, ನಾಲ್ವರು ಮನುಷ್ಯರು ಇಲ್ಲಿಂದ ಹೊರಡಬೇಕು. ಆರು ತಿಂಗಳ ಪಯಣ, ಸುಮಾರು ಐನೂರು ದಿನ ಅಲ್ಲಿ ವಾಸ, ಮತ್ತೆ ಆರು ತಿಂಗಳಲ್ಲಿ ಮನೆ. ಬರುವ ದಾರಿ ಸಿದ್ಧವಾಗುವವರೆಗೆ ಹೋಗುವವನು ಹೊಸಲು ದಾಟಬಾರದು.

ಇದನ್ನು ಓದಿದಾಗ ನನಗೆ ನನ್ನ ಅಜ್ಜಿಯ ನೆನಪಾಯಿತು. ನನ್ನ ತಂದೆ ತೀರ್ಥಹಳ್ಳಿಯ ಕಡೆಯ ಹಳ್ಳಿಯಿಂದ ಬೆಂಗಳೂರಿಗೆ ಕೆಲಸ ಹುಡುಕಿಕೊಂಡು ಹೊರಟದ್ದು 1946ರಲ್ಲಿ. ಅಜ್ಜಿ ಅವರ ಪಂಚೆಯ ಅಂಚಿಗೆ ಐದು ರೂಪಾಯಿಯ ನೋಟೊಂದನ್ನು ಗಂಟು ಹಾಕಿ, "ಹೋಗುವ ದುಡ್ಡು ನೀನು ನೋಡಿಕೋ ಮಗ, ಇದು ಬರುವ ದುಡ್ಡು. ಉಪವಾಸ ಬಿದ್ದರೂ ಇದನ್ನು ಮುಟ್ಟಬೇಡ" ಎಂದರಂತೆ. ತಂದೆ ಊರಿಗೆ ವಾಸಕ್ಕೆಂದು ಹಿಂದಿರುಗಲಿಲ್ಲ. ಇಲ್ಲೇ ಗುಮಾಸ್ತರಾದರು, ಇಲ್ಲೇ ಸಂಸಾರ ಹೂಡಿದರು, ನಾನು ಇಲ್ಲೇ ಹುಟ್ಟಿದೆ. ತಿಂಗಳ ಕೊನೆಯಲ್ಲಿ ಅಂಗಡಿಯಲ್ಲಿ ಸಾಲ ಹೇಳುತ್ತಿದ್ದ ದಿನಗಳನ್ನು ನಾನು ಕಂಡಿದ್ದೇನೆ. ಅವರು ತೀರಿಕೊಂಡ ಮೇಲೆ ತಗಡಿನ ಟ್ರಂಕಿನ ತಳದಲ್ಲಿ ಆರನೆಯ ಜಾರ್ಜ್ ದೊರೆಯ ಮುಖವಿದ್ದ ಆ ನೋಟು ಮಡಿಕೆ ಮುರಿಯದೆ ಸಿಕ್ಕಿತು. ಅಕ್ಷರ ಬಾರದ ನನ್ನ ಅಜ್ಜಿಗೂ ಅಣುಶಕ್ತಿಯಲ್ಲಿ ಡಾಕ್ಟರೇಟ್ ಪಡೆದ ಈ ಎಂಜಿನಿಯರಿಗೂ ಒಂದೇ ವಿವೇಕ ಹೊಳೆದಿತ್ತು.

ಇಲ್ಲಿ ನನ್ನ ವಾಯುವಿಹಾರದ ಮಿತ್ರರೊಬ್ಬರ ಆಕ್ಷೇಪಣೆಗೆ ಉತ್ತರ ಹೇಳಬೇಕು. "ಇದ್ದ ಊರಿನಲ್ಲಿ ಹಸಿದವರಿಗೆ ಅನ್ನವಿಲ್ಲ, ಇವರಿಗೆ ಮಂಗಳ ಬೇಕೇ?" ಎಂದು ಅವರು ಕೇಳಿದರು. ಮಾತು ಹಗುರವಲ್ಲ. ಆದರೆ 2014ರ ಸೆಪ್ಟೆಂಬರ್ 24ರ ಬೆಳಿಗ್ಗೆ ನಮ್ಮ ಮಂಗಳಯಾನ ಆ ಗ್ರಹದ ಕಕ್ಷೆಯನ್ನು ಸೇರಿದ ಸುದ್ದಿ ಬಂದಾಗ ಇದೇ ಮಿತ್ರರು ಪಾರ್ಕಿನಲ್ಲಿ ಎಲ್ಲರಿಗೂ ಪೇಡೆ ಹಂಚಿದ್ದರು. ಆ ಸಾಹಸದ ಖರ್ಚು ಸುಮಾರು 450 ಕೋಟಿ ರೂಪಾಯಿ. ಅದನ್ನು ಮಾಡದೆ ಉಳಿಸಿದ್ದರೆ ದೇಶದ ಹಸಿವು ತೀರುತ್ತಿತ್ತೆಂದು ಅವರೂ ಹೇಳಲಾರರು. ಹಸಿವು ಉಳಿದಿರುವುದು ಹಣ ಆಕಾಶಕ್ಕೆ ಹೋದುದರಿಂದಲ್ಲ. ಭೂಮಿಯ ಮೇಲೆ ನಾವು ಹಂಚಿಕೊಳ್ಳುವ ರೀತಿಯಿಂದ. ಅದಕ್ಕಾಗಿ ಮಂಗಳವನ್ನು ದೂರುವುದು, ಹಳೆಯ ಜ್ಯೋತಿಷಿಗಳು ಕುಜನನ್ನು ದೂರಿದಂತೆಯೇ ಆಗುತ್ತದೆ.

ನನ್ನ ಸಂಶಯ ಬೇರೆ ಕಡೆ ಇದೆ. ಝುಬ್ರಿನ್ ಹೋಗಿಬರುವುದರಲ್ಲೇ ತೃಪ್ತರಲ್ಲ. ಮನುಷ್ಯರು ಅಲ್ಲಿ ನೆಲೆಸಬೇಕು, ಊರು ಕಟ್ಟಬೇಕು, ಮಕ್ಕಳನ್ನು ಹೆರಬೇಕು ಎಂಬುದು ಅವರ ಧ್ಯೇಯ. ಇದಕ್ಕಾಗಿಯೇ 1998ರಲ್ಲಿ ಅವರು ಮಾರ್ಸ್ ಸೊಸೈಟಿ ಎಂಬ ಸಂಘವನ್ನು ಕಟ್ಟಿದರು. ಆ ಸಂಘ 2000ದಲ್ಲಿ ಕೆನಡದ ಉತ್ತರ ತುದಿಯ ಡೆವನ್ ದ್ವೀಪದಲ್ಲಿ, ಆಮೇಲೆ ಅಮೆರಿಕದ ಯೂಟ ರಾಜ್ಯದ ಮರುಭೂಮಿಯಲ್ಲಿ, ಮಂಗಳದ ಮನೆಯಂಥ ಮನೆಗಳನ್ನು ಕಟ್ಟಿತು. ಸ್ವಯಂಸೇವಕರು ವಾರಗಟ್ಟಲೆ ಅದರಲ್ಲಿದ್ದು, ಅಂತರಿಕ್ಷದ ಉಡುಪು ತೊಟ್ಟಲ್ಲದೆ ಹೊರಗೆ ಕಾಲಿಡದೆ, ಅಭ್ಯಾಸ ಮಾಡುತ್ತಾರೆ. ಹೊರಗಿನವರಿಗೆ ಇದು ಮಕ್ಕಳಾಟದಂತೆ ಕಂಡೀತು. ನಾನು ನಗಲಾರೆ. ಹಲಸಿನ ಬೀಜ ಊರುವ ಮುದುಕನನ್ನು ನೋಡಿ ಯಾರಾದರೂ ನಗುತ್ತಾರೆಯೆ? ಎಪ್ಪತ್ತು ದಾಟಿದ ಈ ಮನುಷ್ಯ ಮೂವತ್ತೈದು ವರ್ಷಗಳಿಂದ ಒಂದೇ ಮಾತನ್ನು ಸಭೆ ಸಭೆಗಳಲ್ಲಿ ಹೇಳುತ್ತ ಬಂದಿದ್ದಾರೆ. ಮಂಗಳದ ಮೇಲೆ ಇನ್ನೂ ಒಂದು ಹೆಜ್ಜೆಯ ಗುರುತೂ ಬಿದ್ದಿಲ್ಲ. ತನ್ನ ಬಾಳನ್ನು ತಾನು ಕಾಣದ ಫಲಕ್ಕೆ ಕೊಡುವ ಹಕ್ಕು ಯಾರಿಗಾದರೂ ಇದ್ದೇ ಇದೆ. ಅಂಥವರ ಮುಂದೆ ನಾನು ತಲೆ ಬಾಗುತ್ತೇನೆ. ಪ್ರಶ್ನೆ ಇರುವುದು ತನ್ನ ಬಾಳನ್ನು ಕೊಡುವುದರಲ್ಲಲ್ಲ, ಇನ್ನೊಬ್ಬರ ಬಾಳನ್ನು ಅದಕ್ಕೆ ಒಡ್ಡುವುದರಲ್ಲಿ.

ಅಲ್ಲಿ ನೆಲೆಸಬೇಕು ಏಕೆ? ಭೂಮಿ ಹಾಳಾಗುತ್ತದೆ, ಓಡಿಹೋಗೋಣ ಎಂಬುದು ಅವರ ಮುಖ್ಯ ವಾದವಲ್ಲ. ಫ್ರೆಡರಿಕ್ ಜ್ಯಾಕ್ಸನ್ ಟರ್ನರ್ ಎಂಬ ಚರಿತ್ರಕಾರರು 1893ರಲ್ಲಿ, ಪಶ್ಚಿಮದ ತೆರೆದ ನಾಡೇ ಅಮೆರಿಕದ ಜನರಿಗೆ ಸ್ವಾತಂತ್ರ್ಯ ಬುದ್ಧಿಯನ್ನು ಕಲಿಸಿತು ಎಂದು ವಾದಿಸಿದರು. ಅಂಥ ಹೊಸ ನಾಡು ಈಗ ಭೂಮಿಯ ಮೇಲೆ ಉಳಿದಿಲ್ಲ, ಅದಿಲ್ಲದೆ ಮನುಷ್ಯಕುಲ ಜಡವಾಗುತ್ತದೆ, ಆದುದರಿಂದ ಮಂಗಳ ಬೇಕು ಎಂಬುದು ಝುಬ್ರಿನ್ನರ ಪಕ್ಷ. ಅಮೆರಿಕದ ಆ ನಾಡು ಬರಿದಾಗಿರಲಿಲ್ಲ, ಅಲ್ಲಿದ್ದವರನ್ನು ಒಕ್ಕಲೆಬ್ಬಿಸಿಯೇ ಅದನ್ನು ತೆರೆದರು ಎಂಬುದನ್ನು ನಾವು ಬಲ್ಲೆವು. ಮಂಗಳದಲ್ಲಿ ಒಕ್ಕಲೆಬ್ಬಿಸಲು ಯಾವ ಜನರೂ ಇಲ್ಲ. ಅಷ್ಟರಮಟ್ಟಿಗೆ ಈ ಕನಸು ಹಿಂದಿನದಕ್ಕಿಂತ ನಿರ್ಮಲವಾದದ್ದು.

ಆದರೆ ಇನ್ನೊಂದು ಭೇದವಿದೆ. ಅಮೆರಿಕದ ಒಕ್ಕಲಿಗ ನೆರೆಯವನೊಡನೆ ಜಗಳವಾದರೆ ಗಾಡಿ ಹೂಡಿಕೊಂಡು ಇಪ್ಪತ್ತು ಮೈಲಿ ಆಚೆ ಗುಡಿಸಲು ಹಾಕಬಹುದಾಗಿತ್ತು. ಗಾಳಿ ಯಾರ ಸ್ವತ್ತೂ ಆಗಿರಲಿಲ್ಲ. ಮಂಗಳದಲ್ಲಿ ಗಾಳಿಯ ಒತ್ತಡ ಇಲ್ಲಿಯ ನೂರನೆಯ ಒಂದು ಪಾಲಿಗಿಂತ ಕಡಮೆ. ಸರಾಸರಿ ಚಳಿ ಸೊನ್ನೆಗಿಂತ ಅರವತ್ತು ಡಿಗ್ರಿ ಕೆಳಗೆ. ಮಣ್ಣಿನಲ್ಲಿ ಪರ್ಕ್ಲೋರೇಟ್ ಎಂಬ ವಿಷದ ಉಪ್ಪು ಇದೆಯೆಂದು 2008ರಲ್ಲಿ ಫೀನಿಕ್ಸ್ ನೌಕೆ ಕಂಡುಹಿಡಿಯಿತು. ಅಲ್ಲಿ ಉಸಿರು ಬರುವುದು ನಲ್ಲಿಯಿಂದ. ನಲ್ಲಿ ಯಾರ ಕೈಯಲ್ಲಿದೆಯೋ ಅವನೇ ದೊರೆ. ಯೂಟದ ಮರುಭೂಮಿಯಲ್ಲಿ ಅಭ್ಯಾಸ ಮಾಡುವವನು ಬೇಸರವಾದರೆ ಶಿರಸ್ತ್ರಾಣ ಕಳಚಿ ಗಾಳಿ ಕುಡಿಯಬಹುದು. ಅದೊಂದನ್ನು ಮಾತ್ರ ಆ ಅಭ್ಯಾಸ ಕಲಿಸಲಾರದು. ಈ ಆಕ್ಷೇಪಕ್ಕೂ ಝುಬ್ರಿನ್ನರಲ್ಲಿ ಉತ್ತರವಿದೆ. 2024ರಲ್ಲಿ ಹೊರಬಂದ 'ದಿ ನ್ಯೂ ವರ್ಲ್ಡ್ ಆನ್ ಮಾರ್ಸ್' ಎಂಬ ಪುಸ್ತಕದಲ್ಲಿ ಅವರು ಮಂಗಳದಲ್ಲಿ ಒಂದಲ್ಲ, ಹಲವು ಪಟ್ಟಣಗಳನ್ನು ಕಲ್ಪಿಸುತ್ತಾರೆ. ಅವುಗಳಿಗೆ ಜನ ಬೇಕು, ದಬ್ಬಾಳಿಕೆಯ ಊರಿಗೆ ಯಾರೂ ವಲಸೆ ಬರುವುದಿಲ್ಲ, ಆದುದರಿಂದ ಸ್ವಾತಂತ್ರ್ಯವಿರುವ ಊರುಗಳೇ ಬೆಳೆಯುತ್ತವೆ ಎಂಬುದು ಅವರ ನಂಬಿಕೆ.

ಜಾಣ ಉತ್ತರ. ಆದರೆ ಅದು ಹೋಗುವವರ ಪಾಲಿನ ಉತ್ತರ. ಊರನ್ನು ಆಯ್ದುಕೊಳ್ಳುವವರು ಅವರು. ಅಲ್ಲಿ ಹುಟ್ಟುವ ಕೂಸು ಆಯ್ದುಕೊಂಡು ಬಂದುದಲ್ಲ.

ಮಂಗಳದ ಗುರುತ್ವ ನಮ್ಮದರ ನೂರಕ್ಕೆ ಮೂವತ್ತೆಂಟು ಪಾಲು. ತೂಕವೇ ಇಲ್ಲದ ಅಂತರಿಕ್ಷ ನಿಲ್ದಾಣದಲ್ಲಿ ಬಲಿಷ್ಠ ವಯಸ್ಕರ ಮೂಳೆಯೂ ತಿಂಗಳಿಗೆ ನೂರಕ್ಕೆ ಒಂದರಷ್ಟು ಸವೆಯುತ್ತದೆ. ಹಾಗಾದರೆ ಮೂವತ್ತೆಂಟು ಪಾಲಿನ ತೂಕದಲ್ಲಿ ಬಸಿರಾಗಿ, ಹುಟ್ಟಿ, ಅಂಬೆಗಾಲಿಟ್ಟು, ಬೆಳೆದ ಮಗುವಿನ ಎಲುಬು, ಎದೆಗುಂಡಿಗೆ ಹೇಗಿರುತ್ತವೆ? ಮನುಷ್ಯನ ಮಾತಿರಲಿ, ಆ ತೂಕದಲ್ಲಿ ಹುಟ್ಟಿ ಬೆಳೆದ ಒಂದು ಇಲಿಯನ್ನೂ ಲೋಕ ಇದುವರೆಗೆ ಕಂಡಿಲ್ಲ. ಇಪ್ಪತ್ತು ವರ್ಷವಾದ ಮೇಲೆ ಆ ಮಗು ಭೂಮಿಯನ್ನು ನೋಡಬೇಕೆಂದು ಆಸೆಪಟ್ಟರೆ, ಇಲ್ಲಿ ಕಾಲಿಟ್ಟ ಕೂಡಲೆ ಅದರ ಮೈಯ ಭಾರ ಎರಡೂವರೆ ಪಟ್ಟಿಗೂ ಹೆಚ್ಚಾಗುತ್ತದೆ. ನೌಕೆ ಸಿದ್ಧವಿರಬಹುದು, ತೊಟ್ಟಿ ತುಂಬಿರಬಹುದು, ಅದರ ಮೈ ಮಾತ್ರ ಬರಲಾರದೆ ಹೋಗಬಹುದು. ಕುಜ ಎಂದರೆ ಭೂಮಿಯಲ್ಲಿ ಹುಟ್ಟಿದವನು, ಭೂಮಿಯ ಮಗ ಎಂದು ಅರ್ಥ. ಆ ಮಗನ ಮನೆಯಲ್ಲಿ ಹುಟ್ಟಿದ ಮೊಮ್ಮಗು ಅಜ್ಜಿಯ ಮನೆಗೆ ಬರಲಾರದ ಮೊಮ್ಮಗುವಾದರೆ?

ಯಾವ ಮಗುವನ್ನು ಯಾರು ಕೇಳಿ ಹೆತ್ತಿದ್ದಾರೆ ಎಂದು ವಾಚಕರು ಕೇಳಬಹುದು. ನಾನೂ ಹಾಗೆಯೇ ಕೇಳಿಕೊಂಡೆ. ತೀರ್ಥಹಳ್ಳಿಯ ಮಳೆಯನ್ನು ಬಿಟ್ಟು ಬೆಂಗಳೂರಿನ ವಠಾರದಲ್ಲಿ ಹುಟ್ಟಲು ನೀನು ಒಪ್ಪುತ್ತೀಯಾ ಎಂದು ನನ್ನನ್ನು ಯಾರೂ ಕೇಳಲಿಲ್ಲ. ಗುಮಾಸ್ತನ ಮಗ, ರೈತನ ಮಗ, ಗಣಿ ಕೆಲಸದವನ ಮಗ, ಯಾರನ್ನೂ ಯಾರೂ ಕೇಳಲಿಲ್ಲ. ಒಪ್ಪಿಗೆ ಪಡೆದೇ ಹೆರಬೇಕೆಂದರೆ ಮನುಷ್ಯಕುಲ ಎಂದೋ ನಿಂತುಹೋಗುತ್ತಿತ್ತು. ಈ ವಾದವನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಆದರೆ ಕೇಳದೆ ಹೆರುವುದರಿಂದಲೇ ನಮ್ಮ ಮೇಲೆ ಒಂದು ಋಣ ಬೀಳುತ್ತದೆ. ನಾವು ನಮಗಾಗಿ ಆರಿಸಿಕೊಂಡ ಮನೆಯಲ್ಲಿ ಮಗುವಿಗಾಗಿ ಒಂದು ಬಾಗಿಲನ್ನಾದರೂ ತೆರೆದಿಡಬೇಕು. ನನ್ನ ತಂದೆ ನನ್ನನ್ನು ಕೇಳದೆ ಪಟ್ಟಣಿಗನನ್ನಾಗಿ ಮಾಡಿದರು. ಆದರೆ ಊರಿನ ದಾರಿ ಇತ್ತು, ರೈಲಿತ್ತು, ಅಲ್ಲಿಯ ಗಾಳಿಯನ್ನು ಕುಡಿಯಬಲ್ಲ ಎದೆ ನನಗಿತ್ತು. ಬಡವನೊಬ್ಬ ಮಗನಿಗೆ ಬಡತನವನ್ನೇ ಕೊಟ್ಟರೂ ಅದರಿಂದ ಹೊರಬರುವ ಕಾಲುಗಳನ್ನು ಕೊಟ್ಟಿರುತ್ತಾನೆ. ಆ ಕಾಲುಗಳನ್ನೇ ಕೊಡದಿರುವುದು ಬೇರೆ ಜಾತಿಯ ಕೆಲಸ.

ಹಾಗಾದರೆ ಹೋಗಲೇಬಾರದೆ? ನಾನು ಹಾಗೆ ಹೇಳಲಾರೆ. ಝುಬ್ರಿನ್ನರ ಯೋಜನೆಯಲ್ಲೇ ಇದಕ್ಕೊಂದು ದಾರಿಯಿದೆ. ಪ್ರಯಾಣದ ಆರು ತಿಂಗಳು ಮನುಷ್ಯರು ತೂಕವಿಲ್ಲದೆ ಕೃಶರಾಗಬಾರದೆಂದು, ನೌಕೆಯನ್ನೂ ಉರಿದು ಬರಿದಾದ ರಾಕೆಟ್ಟನ್ನೂ ಉದ್ದನೆಯ ಹಗ್ಗದಿಂದ ಕಟ್ಟಿ, ಕವಣೆಯಂತೆ ತಿರುಗಿಸುತ್ತ, ಮಂಗಳದಷ್ಟೇ ತೂಕವನ್ನು ದಾರಿಯಲ್ಲೇ ಉಂಟುಮಾಡಬಹುದು ಎಂದು ಅವರು ಹೇಳಿದ್ದಾರೆ. ಹೀಗೆ ತಿರುಗುವ ಒಂದು ಸಣ್ಣ ಉಪಗ್ರಹದಲ್ಲಿ ಇಲಿಗಳನ್ನು ಸಾಕಿ, ಅವು ಮರಿ ಹಾಕುವುದನ್ನೂ ಆ ಮರಿಗಳು ಬೆಳೆಯುವುದನ್ನೂ ನೋಡಬಹುದಲ್ಲವೆ? ಇದು ನನ್ನ ಬುದ್ಧಿವಂತಿಕೆಯಲ್ಲ. 2001ರಷ್ಟು ಹಿಂದೆಯೇ ಮಾರ್ಸ್ ಸೊಸೈಟಿ ಇಂಥದೊಂದು ಪ್ರಯೋಗವನ್ನು ಯೋಚಿಸಿತ್ತು. ಮುಂದೆ ಎಂ.ಐ.ಟಿ. ಮೊದಲಾದ ವಿದ್ಯಾಲಯಗಳ ತರುಣರು ಅಂಥ ಉಪಗ್ರಹಕ್ಕಾಗಿ ವರ್ಷಗಟ್ಟಲೆ ದುಡಿದರು. 2009ರಲ್ಲಿ ಹಣ ಸಾಲದೆ ಆ ಕೆಲಸ ನಿಂತುಹೋಯಿತು.

ನನ್ನ ಮನಸ್ಸನ್ನು ಚುಚ್ಚಿದ್ದು ಇದು. ರಾಕೆಟ್ಟುಗಳಿಗೆ ಹಣ ಹರಿದುಬಂದಿದೆ. ಮಂಗಳದಲ್ಲಿ ಲಕ್ಷಗಟ್ಟಲೆ ಜನರ ಪಟ್ಟಣ ಕಟ್ಟುತ್ತೇವೆಂದು ಕೋಟ್ಯಧೀಶರು ಸಾರಿದ್ದಾರೆ. ಆದರೆ ಅಲ್ಲಿಯ ತೊಟ್ಟಿಲನ್ನು ಕುರಿತ ಆ ಒಂದು ಚಿಕ್ಕ ಪ್ರಶ್ನೆಗೆ ಕಾಸು ಒದಗಲಿಲ್ಲ. ದೊಡ್ಡ ಕನಸಿನ ಪರವಾಗಿ ಬಾಳೆಲ್ಲ ವಾದಿಸುವವನ ಹೊಣೆ, ಜನರನ್ನು ಒಪ್ಪಿಸುವುದರೊಂದಿಗೆ ಮುಗಿಯುವುದಿಲ್ಲ. ಹೋಗುವವರಿಗೆ ಹಿಂದಿರುಗುವ ನೌಕೆಯನ್ನು ಮೊದಲು ಕಳಿಸಬೇಕೆಂದು ಕಲಿಸಿದವರು ಝುಬ್ರಿನ್. ಅದೇ ನಿಯಮವನ್ನು ಅಲ್ಲಿ ಹುಟ್ಟುವವರಿಗೂ ಅನ್ವಯಿಸಬೇಕೆಂದು ಕೇಳುವುದು ಅವರ ಕನಸನ್ನು ಹೀಗಳೆದಂತಲ್ಲ. ಅವರ ಕೈಯ ಅಳತೆಗೋಲಿನಿಂದಲೇ ಅದನ್ನು ಅಳೆದಂತೆ. ವಯಸ್ಕರು ತಿಳಿದು ಹೋಗಲಿ, ಇರಲಿ, ಹುಡುಕಲಿ. ತೊಟ್ಟಿಲು ಕಟ್ಟುವುದು ಮಾತ್ರ, ಆ ಮಗು ಬದುಕಬಲ್ಲದು, ಬೇಕೆಂದರೆ ಬರಬಲ್ಲದು ಎಂದು ತಿಳಿದ ಮೇಲೆ. ಹತ್ತಾರು ವರ್ಷ ತಡವಾದರೆ ಆಗಲಿ. ಮಂಗಳ ಎಲ್ಲಿಗೂ ಓಡಿಹೋಗುವುದಿಲ್ಲ.

ಪುಸ್ತಕವನ್ನು ಹಿಂದಕ್ಕೆ ಕೊಡುವಾಗ ಮೊಮ್ಮಗಳಿಗೆ ಇಷ್ಟನ್ನೂ ಹೇಳಿದೆ. ಅವಳು ತಾಳ್ಮೆಯಿಂದ ಕೇಳಿದಳು. ಆಮೇಲೆ, "ಅಜ್ಜ, ಬರುವ ದುಡ್ಡು ಕಟ್ಟಿಕೊಟ್ಟರೂ ನಿಮ್ಮ ಅಪ್ಪ ಊರಿಗೆ ಹಿಂದಿರುಗಲಿಲ್ಲವಲ್ಲ. ಹಾಗಾದರೆ ಆ ದುಡ್ಡಿನಿಂದ ಏನು ಬಂತು?" ಎಂದಳು.

ಪ್ರಶ್ನೆ ನೇರವಾಗಿತ್ತು. ಸ್ವಲ್ಪ ಹೊತ್ತು ಯೋಚಿಸಿದೆ. "ಹಿಂದಿರುಗದವನು ಬೇರೆ, ಹಿಂದಿರುಗಲಾರದವನು ಬೇರೆ ಕಣಮ್ಮ. ಅಪ್ಪ ಇಲ್ಲಿ ಇದ್ದದ್ದು ಇರಬೇಕೆಂದು. ಆ ನೋಟು ಟ್ರಂಕಿನಲ್ಲಿ ಇದ್ದುದರಿಂದಲೇ ಅವರು ಹಾಗೆ ಹೇಳಿಕೊಳ್ಳಬಹುದಾಗಿತ್ತು" ಎಂದೆ.

ಅವಳು ಒಪ್ಪಿದಳೋ ಇಲ್ಲವೋ ತಿಳಿಯದು. "ಆ ನೋಟು ಈಗೆಲ್ಲಿದೆ?" ಎಂದು ಕೇಳಿದಳು. ಒಳಗೆ ಹೋಗಿ ತಂದು ತೋರಿಸಿದೆ. ಈಗ ಅದು ಯಾವ ಅಂಗಡಿಯಲ್ಲೂ ನಡೆಯದು. ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿ, ಮಡಿಕೆ ಮುರಿಯದಂತೆ ಹಿಂದಕ್ಕೆ ಕೊಟ್ಟಳು. ನಾನು ತೆಗೆದುಕೊಳ್ಳಲಿಲ್ಲ. "ನಿನ್ನ ಬಳಿಯೇ ಇರಲಿ" ಎಂದೆ.